ತೀರ್ಥ ಬಿದ್ದ ಡೇರೆ ಗಡ್ಡೆ

ಮೊದಲ ಸಲ ಇಬ್ಬನಿ ಹೆಪ್ಪುಗಟ್ಟಿ, ಡೇರೆ ಹೂವಿನ ಗಿಡಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದ ಬೆಳಿಗ್ಗೆ ಬೀದಿಯ ಹೆಂಗಸರು ಮೆಲಾನಿಯಾಳ ಅಂಗಳಕ್ಕೆ ಬರುತ್ತಿದ್ದರು. ಬುಟ್ಟಿ, ಬಕೆಟ್ಟು, ಮೊಮ್ಮಗುವಿನ ತಳ್ಳುಗಾಡಿ, ಏನು ಕೈಗೆ ಸಿಕ್ಕಿತೋ ಅದರ ತುಂಬ ಡೇರೆ ಗಡ್ಡೆ. ಬೂಗ್ ನದಿ ದಂಡೆಯ ಆ ಊರಿನ ಚಳಿಗಾಲ ಹುಡುಗಾಟದ್ದಲ್ಲ. ನೆಲದಲ್ಲೇ ಬಿಟ್ಟ ಗಡ್ಡೆ ಕಲ್ಲಾಗುತ್ತದೆ, ಆಮೇಲೆ ಲೋಳೆಯಾಗುತ್ತದೆ, ವಸಂತಕ್ಕೆ ಅಗೆದು ನೋಡಿದರೆ ಒಂದಿಷ್ಟು ಕೆಟ್ಟ ವಾಸನೆ ಬಿಟ್ಟು ಏನೂ ಇರುವುದಿಲ್ಲ.

ಮೆಲಾನಿಯಾ ಆ ಬೀದಿಗೆ ಸೊಸೆಯಾಗಿ ಬಂದವಳು. ಅತ್ತೆ ಗಟ್ಟಿ ಹೆಂಗಸು. ಅಡುಗೆಮನೆಯನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ, "ನೀನು ನೆಲಮಾಳಿಗೆ ನೋಡ್ಕೋ ಹೋಗು" ಅಂತ ಬೀಗದ ಕೈ ಎಸೆದಳಂತೆ. ಹಿತ್ತಲಲ್ಲಿ ಹುಲ್ಲು ಬೆಳೆದ ಮಣ್ಣಿನ ದಿಬ್ಬ, ಅದಕ್ಕೊಂದು ಗಿಡ್ಡ ಬಾಗಿಲು, ಬಾಗಿಲ ಹಿಂದೆ ಕೆಳಗಿಳಿಯುವ ಮೆಟ್ಟಿಲು. ಒಳಗೆ ಆಲೂಗಡ್ಡೆ ರಾಶಿ, ಹುಳಿ ಬರಿಸಿದ ಎಲೆಕೋಸಿನ ಪೀಪಾಯಿ, ಬೀಟ್ರೂಟು. ಶಿಕ್ಷೆ ಅಂತ ಕೊಟ್ಟದ್ದು ಸೊಸೆಗೆ ಹಬ್ಬವಾಯಿತು. ಅಲ್ಲಿಗೆ ಅತ್ತೆಯ ದನಿ ಕೇಳಿಸುತ್ತಿರಲಿಲ್ಲ, ಅದೇ ಮೊದಲ ಸುಖ. ಹಗಲೆಲ್ಲ ಹಾಲಿನ ಡೈರಿಯಲ್ಲಿ ದುಡಿದು ಬಂದವಳು ಸಂಜೆ ಅಲ್ಲಿ ಇಳಿದು ಕೂತರೆ ಗಂಡ ಬಂದು ಬಾಗಿಲು ತಟ್ಟಬೇಕಿತ್ತು.

ಅಲ್ಲೇ ಅವಳಿಗೆ ಒಂದು ವಿಷಯ ಗೊತ್ತಾಯಿತು. ಎಂಥ ಚಳಿಗೂ ಆ ಗುಹೆಯಲ್ಲಿ ನೀರು ಕಲ್ಲಾಗುತ್ತಿರಲಿಲ್ಲ, ಹಾಗಂತ ಗಡ್ಡೆ ಮೊಳೆಯುವಷ್ಟು ಬೆಚ್ಚಗೂ ಇರುತ್ತಿರಲಿಲ್ಲ. ಮೊದಲ ವರ್ಷ ತನ್ನ ಗಡ್ಡೆ ಇಟ್ಟಳು, ಮುಂದಿನ ವರ್ಷ ಪಕ್ಕದವಳದ್ದು, ಆಮೇಲೆ ಇಡೀ ಬೀದಿಯದ್ದು. ಕಾಂಡವನ್ನು ಒಂದು ಗೇಣು ಬಿಟ್ಟು ಕತ್ತರಿಸುವಳು. ಗಡ್ಡೆಯ ಗೊಂಚಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಪೊಳ್ಳು ಕಾಂಡದೊಳಗಿನ ನೀರು ಬಸಿಯಲು ಬಿಡುವಳು. ಒಣಗಿದ ಮೇಲೆ ಗಾಯವಾದ ಕಡೆ ಒಲೆಯ ಬೂದಿ ಹಚ್ಚಿ, ಒಣ ಮರಳಿನಲ್ಲಿ ಮಲಗಿಸುವಳು. ಯಾರ ಗಡ್ಡೆ ಯಾವುದು ಅಂತ ತಿಳಿಯಲು ಕಾಂಡಕ್ಕೆ ಉಣ್ಣೆ ದಾರ. ದರ್ಜಿಯ ಹೆಂಡತಿಗೆ ಹಸಿರು, ಮೂಲೆಮನೆಯವಳಿಗೆ ಹಳದಿ, ಹೀಗೆ. ಚಳಿಗಾಲ ಪೂರ್ತಿ ಆಗಾಗ ಇಳಿದು ಒಂದೊಂದನ್ನೂ ಮುಟ್ಟಿ ನೋಡುವಳು. ಮೆತ್ತಗಾದ ಭಾಗ ಕೊಯ್ದು ಬಿಸಾಡುವಳು, ಸುಕ್ಕಾದದ್ದಕ್ಕೆ ಬೆರಳು ತುದಿಯಿಂದ ನೀರು ಚಿಮುಕಿಸುವಳು.

"ನಂಗೆ ಜ್ವರ ಬಂದಾಗ ಇಷ್ಟು ಸಲ ಹಣೆ ಮುಟ್ಟಿ ನೋಡಿದ್ಯಾ?" ಅನ್ನುತ್ತಿದ್ದ ಅವಳ ಗಂಡ ಜೆನೋನ್.

"ನೀನು ಸುಕ್ಕಾದ್ರೂ ಬದುಕ್ತೀಯಾ, ಮುದುಕಾ. ಅವು ಬದುಕಲ್ಲ."

ಹೀಗಿರುವಾಗ ಒಂದು ವರ್ಷ ಎದುರುಮನೆಯ ಒತಿಲಿಯಾ ಒಂದೇ ಒಂದು ಗೊಂಚಲನ್ನು ಹಸುಗೂಸಿನ ಹಾಗೆ ಶಾಲಿನಲ್ಲಿ ಸುತ್ತಿಕೊಂಡು ಬಂದಳು. ಒತಿಲಿಯಾ ಅಂದರೆ ಊರಿಗೆಲ್ಲ ಅಂಚೆ ಹಂಚಿ ಆಗಷ್ಟೇ ಪಿಂಚಣಿಗೆ ಬಂದವಳು. ನಾಲಗೆ ಚೂಪು, ಮನಸ್ಸು ಬೆಣ್ಣೆ. ಮೆಲಾನಿಯಾಳ ಮಗಳಿಗೆ ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ನಿಂತವಳು ಅವಳೇ. ಅವತ್ತಿನಿಂದ ಆ ಊರಿನ ರೂಢಿಯಂತೆ ಇಬ್ಬರೂ ಒಬ್ಬರನ್ನೊಬ್ಬರು 'ಕೂಮಾ' ಅಂತಲೇ ಕರೆಯುವುದು.

"ಕೂಮಾ, ಇದು ನಮ್ಮಮ್ಮನ ಕಪ್ಪು ಡೇರೆ," ಅಂದಳು. "ಹೋದ ಚಳಿಗಾಲ ಜಂಬ ಮಾಡ್ಕೊಂಡು ನನ್ನ ಒಲೆ ಪಕ್ಕ ಇಟ್ಕೊಂಡೆ, ಎಲ್ಲಾ ಒಣದ್ರಾಕ್ಷಿ ಆಗೋಯ್ತು. ಉಳಿದಿರೋದು ಇದೊಂದೇ."

"ತಲೆ ಕೆಡಿಸ್ಕೋಬೇಡ. ಇಡು ಇಲ್ಲಿ."

"ಕೆಡಿಸ್ಕೊಳ್ಳೋ ಹಾಗಾಗಿದೆ ಕಣೇ. ಸೆಪ್ಟೆಂಬರಲ್ಲಿ ನನ್ನ ಮದುವೆ."

ಮೆಲಾನಿಯಾ ಕೈಲಿದ್ದ ಚಾಕು ಕೆಳಗಿಟ್ಟಳು. ಒತಿಲಿಯಾ ಗಂಡನನ್ನು ಕಳೆದುಕೊಂಡು ಎಷ್ಟೋ ವರ್ಷವಾಗಿತ್ತು. ವರ ಯಾರು ಅಂದರೆ ರೋಖ್, ಊರಿನ ಚಿಮಣಿ ಗುಡಿಸಿ ಗುಡಿಸಿ ಮುದುಕನಾದವನು. ಚಿಮಣಿಯವನು ಎದುರಾದರೆ ಅಂಗಿಯ ಗುಂಡಿ ಹಿಡಿದುಕೊಳ್ಳಬೇಕು, ಅದೃಷ್ಟ ಬರುತ್ತದೆ ಅನ್ನುವುದು ಅಲ್ಲಿಯ ನಂಬಿಕೆ. ಜೆನೋನ್ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ.

"ಊರವರೆಲ್ಲ ಗುಂಡಿ ಹಿಡ್ಕೊಂಡು ಸುಮ್ಮನಾದ್ರು. ನೀನು ಆಸಾಮಿನೇ ಹಿಡ್ಕೊಂಡ್ಯಲ್ಲ!"

"ಹಿಡ್ಕೊಂಡೆ. ಮಸಿ ತೊಳೆದು ನೋಡಿದೆ, ಒಳಗೆ ಚೆನ್ನಾಗೇ ಇದಾನೆ," ಅಂದಳು ಒತಿಲಿಯಾ. ಆಮೇಲೆ ಮೆಲಾನಿಯಾಳ ಕಡೆ ತಿರುಗಿ ದನಿ ತಗ್ಗಿಸಿದಳು. "ಮೊದಲನೇ ಮದುವೆ ಫೆಬ್ರವರೀಲಿ ಆಯ್ತು, ನಿಂಗೆ ನೆನಪಿದೆಯಲ್ಲ. ಕೈಲಿ ಕಾಗದದ ಹೂ. ಹಿಮ ಬಿದ್ದು ಅದರ ಬಣ್ಣ ಕೈಗವಸಿಗೆಲ್ಲ ಹತ್ತಿತ್ತು. ನಮ್ಮಮ್ಮ ಅವತ್ತು ಅತ್ತಿದ್ದು ನಾನು ಹೋಗ್ತೀನಿ ಅಂತ ಅಲ್ಲ, ಅವಳ ಡೇರೆ ನನ್ನ ಕೈಲಿಲ್ಲ ಅಂತ. ಈ ಸಲ ಅದೇ ಹೂ ಹಿಡ್ಕೊಂಡು ಇಗರ್ಜಿಗೆ ಹೋಗ್ಬೇಕು, ಕೂಮಾ. ಬೇರೆ ಏನೂ ಬೇಡ ನಂಗೆ."

ಮೆಲಾನಿಯಾ ನೀಲಿ ಉಣ್ಣೆ ದಾರ ತೆಗೆದು, ಗಂಟಿನ ಮೇಲೆ ಗಂಟು ಹಾಕಿ ಆ ಕಾಂಡಕ್ಕೆ ಕಟ್ಟಿದಳು.

ಆ ವರ್ಷದ ಜನವರಿ ಹಿಂದೆಂದೂ ಇಲ್ಲದ ಹಾಗೆ ಕಚ್ಚಿತು. ಹಕ್ಕಿಗಳು ಕೂತಲ್ಲೇ ಉಂಡೆಯಾದವು. ಮೆಲಾನಿಯಾ ನೆಲಮಾಳಿಗೆಯ ಬಾಗಿಲಿಗೆ ಹುಲ್ಲು ತುರುಕಿ, ಒಳಗೆ ಒಂದು ಬಕೆಟ್ ನೀರು ಇಟ್ಟಳು. ಚಳಿ ಒಳನುಗ್ಗಿದರೆ ಮೊದಲು ಆ ನೀರೇ ಹೇಳುತ್ತದೆ. ಒಂದು ಬೆಳಿಗ್ಗೆ ಇಳಿದು ನೋಡಿದರೆ ನೀರಿನ ಮೇಲೆ ಹಾಲಿನ ಕೆನೆಯಂತೆ ತೆಳ್ಳನೆ ಪದರ. ನವೆಂಬರಿನಲ್ಲಿ ಸತ್ತವರ ದಿನಕ್ಕೆ ಸಮಾಧಿಗಳ ಮೇಲೆ ಹಚ್ಚಿ ಉಳಿದಿದ್ದ ಗಾಜಿನ ದೀಪಗಳನ್ನೆಲ್ಲ ತಂದು ಮೂಲೆಮೂಲೆಗೆ ಹಚ್ಚಿಟ್ಟಳು. ಅಷ್ಟೇ ಕಾವಿಗೂ ಗುಹೆ ಉಸಿರಾಡುತ್ತದೆ.

ಜೆನೋನ್ ತಲೆ ಹಾಕಿ ನೋಡಿದ. "ಅಯ್ಯೋ, ಗಡ್ಡೆಗಳಿಗೆ ಈಗಲೇ ತಿಥಿ ಮಾಡ್ತಿದ್ದೀಯೇನೇ?"

"ಬಾಯಿ ಮುಚ್ಚಿ ಬಾಗಿಲೂ ಮುಚ್ಚು. ಎರಡ್ರಿಂದ್ಲೂ ಗಾಳಿ ಬರ್ತಿದೆ."

ನೀಲಿ ದಾರದ್ದು ಬಾಗಿಲ ಹತ್ತಿರವೇ ಇತ್ತು. ಅದನ್ನೆತ್ತಿ ಆಲೂಗಡ್ಡೆ ರಾಶಿಯ ಹಿಂದೆ, ಎಲ್ಲಕ್ಕಿಂತ ಒಳಗಿದ್ದ ಮರಳ ಪೆಟ್ಟಿಗೆಯಲ್ಲಿ ಹೂತಿಟ್ಟಳು. ಆ ಪೆಟ್ಟಿಗೆ ಖಾರಬೇರಿನದು. ಈಸ್ಟರ್ ಹಬ್ಬಕ್ಕೆ ತುರಿಯುವ, ತುರಿದರೆ ಕಣ್ಣು ಮೂಗು ಎರಡೂ ಸುರಿಯುವ ಬಿಳಿ ಬೇರು ಅದು. ಚಳಿ ಇಳಿದ ಮೇಲೆ ಗಡ್ಡೆಯನ್ನು ಮತ್ತೆ ಅದರ ಜಾಗಕ್ಕೆ ಒಯ್ದರಾಯಿತು ಅಂದುಕೊಂಡಳು. ಚಳಿ ಇಳಿಯಿತು. ಅಷ್ಟರಲ್ಲಿ ಮಗಳು ಹೆತ್ತಳು. ಬಾಣಂತನಕ್ಕೆ ಆ ಮನೆ ಈ ಮನೆ ಓಡಾಡುತ್ತ, ಇವತ್ತು ನಾಳೆ ಅನ್ನುತ್ತ ಗಡ್ಡೆ ಅಲ್ಲೇ ಉಳಿಯಿತು.

ಹಬ್ಬದ ಹಿಂದಿನ ಶನಿವಾರ ಮನೆಮನೆಯಿಂದ ತಿನಿಸಿನ ಬುಟ್ಟಿ ಇಗರ್ಜಿಗೆ ಹೋಗಬೇಕು. ಮೊಟ್ಟೆ, ರೊಟ್ಟಿ, ಸಾಸೇಜು, ಉಪ್ಪು, ಬೀಟ್ರೂಟು ಬೆರೆಸಿದ ಖಾರಬೇರು, ಎಲ್ಲದರ ಮೇಲೂ ಪಾದ್ರಿಗಳ ತೀರ್ಥ ಬೀಳಬೇಕು. ಖಾರಬೇರು ತುರಿಯುವುದು ಆ ಬೀದಿಯಲ್ಲಿ ಗಂಡಸರ ಕೆಲಸ. ಮೂರು ಮನೆಯ ಗಂಡಸರು ಮೂರು ಜಗಲಿಯಲ್ಲಿ ಕೂತು, ತುರಿದು, ಗೊಳೋ ಅಂತ ಅತ್ತು, ಒಬ್ಬರನ್ನೊಬ್ಬರು ಹಂಗಿಸುತ್ತಿದ್ದರು. ಆ ಸಲ ಜೆನೋನ್ ಮಾತ್ರ ಅಳಲಿಲ್ಲ.

"ನೋಡ್ರೋ! ಒಂದು ಹನಿ ಇಲ್ಲ!" ಅಂತ ಜಗಲಿಯಿಂದ ಜಗಲಿಗೆ ಕೂಗಿದ. "ಗಂಡಸು ಅಂದ್ರೆ ಹೀಗಿರ್ಬೇಕು!"

ಮೆಲಾನಿಯಾ ಒಳಗೆ ಕೇಕಿನ ಹಿಟ್ಟಿನಲ್ಲಿ ಮೊಣಕೈವರೆಗೆ ಮುಳುಗಿದ್ದಳು. ಅವಳಿಗೆ ಇದು ಕೇಳಿಸಿತು, ತಲೆಗೆ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಒತಿಲಿಯಾ, ರೋಖ್ ಇಬ್ಬರೂ ಊಟಕ್ಕೆ ಬಂದರು. ಮೊದಲು ತೀರ್ಥ ಬಿದ್ದ ಮೊಟ್ಟೆಯನ್ನು ಹೋಳು ಮಾಡಿ, ಒಬ್ಬರಿಗೊಬ್ಬರು ಹಂಚಿ ಹರಸಿದರು. ಆಮೇಲೆ ಸಾಸೇಜಿನ ಜೊತೆ ಖಾರಬೇರು. ರೋಖ್ ರೂಢಿಯಂತೆ ಮೊದಲೇ ಕರವಸ್ತ್ರ ತೆಗೆದಿಟ್ಟುಕೊಂಡು ಒಂದು ಚಮಚ ಬಾಯಿಗಿಟ್ಟ. ಕಾದ. ಏನೂ ಆಗಲಿಲ್ಲ.

"ಈ ವರ್ಷ ಪಾಪ, ಸಾಧು ಬೇರು," ಅಂದ.

ಒತಿಲಿಯಾ ಎರಡು ಚಮಚ ತಿಂದಳು. "ಇದೇನು ಜೆನೋನ್, ನಿನ್ನ ಹಾಗೇ ಆಗಿದೆ. ನೋಡಕ್ಕೆ ಜೋರು, ಒಳಗೆ ಬರೀ ಆಲೂಗಡ್ಡೆ."

"ತೆಗೆದಿದ್ದು ನಾನೇ. ಮರಳ ಪೆಟ್ಟಿಗೇಲಿ ಕತ್ತಲಲ್ಲೇ ತಡಕಿ ಎಲ್ಲಕ್ಕಿಂತ ದಪ್ಪಗಿದ್ದವನ್ನೇ ಆರಿಸಿ ಮುರ್ಕೊಂಡು ಬಂದೆ," ಅಂದ ಜೆನೋನ್, ಹೆಮ್ಮೆಯಿಂದ.

ಮೆಲಾನಿಯಾಳ ಕೈಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. ಅದನ್ನು ಬಿಟ್ಟು ಎದ್ದು ಹಿತ್ತಲಿಗೆ ಹೋದಳು. ಮೆಟ್ಟಿಲಿಳಿದು ಪೆಟ್ಟಿಗೆಯ ಮರಳು ಕೆದಕಿದಳು. ನೀಲಿ ದಾರ ಸಿಕ್ಕಿತು. ದಾರದ ಜೊತೆ ಮೋಟು ಕಾಂಡ, ಅದರ ಬುಡದಲ್ಲಿ ಬೆರಳಿನಂಥ ಸಣಕಲು ಗಡ್ಡೆ ಎರಡು. ದಪ್ಪಗಿದ್ದವೆಲ್ಲ ಮುರಿದು ಹೋಗಿದ್ದವು.

ಮುಚ್ಚಿಡಬಹುದಿತ್ತು. ಗಡ್ಡೆ ಕೊಳೆತುಹೋಯ್ತು ಅಂದಿದ್ದರೆ ಯಾರು ಕೇಳುತ್ತಿದ್ದರು? ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತಳು. ಆಮೇಲೆ ಆ ಮೋಟನ್ನು ಏಪ್ರನ್ನಿನಲ್ಲಿ ಹಾಕಿಕೊಂಡು ಬಂದು ಊಟದ ಮೇಜಿನ ಮೇಲೆ, ಕೇಕಿನ ಪಕ್ಕ ಇಟ್ಟಳು.

ಒತಿಲಿಯಾ ನೀಲಿ ದಾರ ನೋಡಿದಳು. ಬಟ್ಟಲು ನೋಡಿದಳು. ಬಾಯಿ ತುಂಬಿತ್ತು, ನುಂಗಲೂ ಆಗದೆ ಉಗುಳಲೂ ಆಗದೆ ಎದ್ದು ಜಗಲಿಗೆ ಹೋದಳು. ಮೆಲಾನಿಯಾ ಹಿಂದೆಯೇ ಹೋದಳು.

"ಕೂಮಾ, ಆ ಪೆಟ್ಟಿಗೇಲಿ ಇಟ್ಟಿದ್ದು ನಾನೇ. ಮರೆತಿದ್ದೂ ನಾನೇ. ಬೈಯಿ."

"ಬೈಯಕ್ಕೆ ಬಾಯಲ್ಲಿ ಅದೇ ಇದೆಯಲ್ಲೇ!"

ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅಂತ ಮೆಲಾನಿಯಾಳಿಗೆ ಮೊದಲು ತಿಳಿಯಲಿಲ್ಲ. ಎರಡೂ ಆಗಿತ್ತು. ಕೊನೆಗೆ ಒತಿಲಿಯಾ ನುಂಗಿ, ಕಣ್ಣೊರೆಸಿಕೊಂಡು ಒಳಗೆ ಬಂದು ಕೂತಳು. ಯಾಕೆಂದರೆ ಬಟ್ಟಲು ಇನ್ನೂ ಅರ್ಧ ಇತ್ತು, ತೀರ್ಥ ಬಿದ್ದ ತಿನಿಸನ್ನು ಒಂದು ಚೂರೂ ಎಸೆಯುವ ಹಾಗಿಲ್ಲ. ಬೇಕಾಗಲಿ ಬೇಡವಾಗಲಿ ತಿಂದೇ ಮುಗಿಸಬೇಕು. ನಾಲ್ವರೂ ಬಟ್ಟಲನ್ನು ನಡುವೆ ಇಟ್ಟುಕೊಂಡು, ಒಬ್ಬರ ಮುಖ ಒಬ್ಬರು ನೋಡದೆ, ಡೇರೆ ಗಡ್ಡೆ ತಿಂದರು.

"ನಮ್ಮಮ್ಮ ಇರೋವರ್ಗೂ ಅವಳ ಮಾತು ನುಂಗ್ದೆ," ಅಂದಳು ಒತಿಲಿಯಾ. "ಈಗ ಅವಳ ಹೂವು ನುಂಗ್ತಿದೀನಿ."

ಜೆನೋನನ ಕಣ್ಣಲ್ಲಿ ನೀರಿತ್ತು. "ನೋಡು, ಈಗ ಖಾರ ಹತ್ತಿತು ಇವನಿಗೆ," ಅಂದ ರೋಖ್. ಅಲ್ಲಿಗೆ ಎಲ್ಲರಿಗೂ ನಗು ತಡೆಯಲಾಗಲಿಲ್ಲ.

ಗಡ್ಡೆ ಎಷ್ಟೇ ದಪ್ಪ ಇರಲಿ, ಡೇರೆಯ ಮೊಳಕೆ ಒಡೆಯುವ ಕಣ್ಣು ಇರುವುದು ಕಾಂಡದ ಬುಡದಲ್ಲಿ. ಆ ಬುಡ ಇನ್ನೂ ಮೆಲಾನಿಯಾಳ ಹತ್ತಿರ ಇತ್ತು. ಆದರೆ ಕಣ್ಣಿಗೆ ಉಣಿಸಲು ಎರಡು ಸಣಕಲು ಬೆರಳು ಸಾಕೇ? ಹೇಳುವವರು ಯಾರು? ಮೊಟ್ಟೆಯ ಸಿಪ್ಪೆ ಪುಡಿ ಮಾಡಿ ಮಣ್ಣಿಗೆ ಬೆರೆಸಿ, ಮೋಟನ್ನು ಕುಂಡದಲ್ಲಿ ನೆಟ್ಟು ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಜೆನೋನ್ ಕುಂಡದ ಹತ್ತಿರ ಬಂದರೆ ಪೊರಕೆ ಎತ್ತುತ್ತಿದ್ದಳು.

ಒತಿಲಿಯಾ ದಿನಾ ಬರತೊಡಗಿದಳು. ಒಂದು ದಿನ ಉಪ್ಪು ಬೇಕು, ಒಂದು ದಿನ ಜರಡಿ ಬೇಕು. ಉಪ್ಪು ಕೇಳುತ್ತ ಕಣ್ಣು ಕಿಟಕಿಯ ಕಡೆ.

"ನಿನ್ನೆ ಒಯ್ದ ಉಪ್ಪೆಲ್ಲ ಏನ್ಮಾಡ್ದೆ ಕೂಮಾ? ರೋಖನ್ನ ಉಪ್ಪಿನಕಾಯಿ ಹಾಕಿದ್ಯಾ?"

"ಸುಮ್ನಿರು. ಏನಾದ್ರೂ ಬಂತಾ?"

"ಇಲ್ಲ."

ಎಷ್ಟೋ ದಿನ 'ಇಲ್ಲ'ವೇ ಆಯಿತು. ಮೆಲಾನಿಯಾಗೆ ನಿದ್ದೆಯಲ್ಲೂ ಕುಂಡವೇ. ಅಗೆದು ನೋಡಲು ಬೆರಳು ತುರಿಸುತ್ತಿತ್ತು, ತಡೆದುಕೊಂಡಳು. ಒಂದು ಬೆಳಿಗ್ಗೆ ಹಾಲು ಕಾಯಿಸುತ್ತ ನೋಡಿದರೆ ಕಾಂಡದ ಬದಿಯಲ್ಲಿ ಬೆಕ್ಕಿನ ಮರಿಯ ಮೂಗಿನಂತೆ ಕೆಂಪಗೆ ಏನೋ ಮಣ್ಣು ಸರಿಸಿಕೊಂಡು ಬಂದಿತ್ತು. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಅವಳು ಕಿಟಕಿ ತೆರೆದು ಬೀದಿಗೆಲ್ಲ ಕೇಳುವ ಹಾಗೆ, "ಕೂಮಾ! ಉಪ್ಪು ತಗೊಂಡು ಹೋಗು ಬಾ!" ಅಂತ ಕೂಗಿದಳು.

ಇನ್ನು ಒತಿಲಿಯಾಳಿಗೆ ಅವಸರ. ನೆಲಕ್ಕಿಳಿಸು, ನೆಲಕ್ಕಿಳಿಸು ಅಂತ ಹಠ. ಆದರೆ ಆ ಸೀಮೆಯಲ್ಲಿ ಮೇ ತಿಂಗಳ ನಡುವೆ ಸಾಲಾಗಿ ಮೂವರು ಸಂತರ ದಿನ, ಅವರ ಬೆನ್ನಿಗೆ ಸಂತ ಸೋಫಿಯಾಳ ದಿನ. ಅದು ಕಳೆಯುವ ತನಕ ಚಳಿ ಬಾಗಿಲ ಹಿಂದೆಯೇ ನಿಂತಿರುತ್ತದೆ. "ಸೋಫಿಯಾ ದಾಟಲಿ," ಅಂದಳು ಮೆಲಾನಿಯಾ, ಜಗ್ಗಲಿಲ್ಲ. ಸಂತರ ಎರಡನೇ ದಿನವೇ ಇಬ್ಬನಿ ಹೆಪ್ಪುಗಟ್ಟಿ ದರ್ಜಿಯ ಟೊಮೆಟೊ ಸಸಿಗಳೆಲ್ಲ ಕರಕಲಾದವು. ಒತಿಲಿಯಾ ಹಠ ಬಿಟ್ಟಳು. ಸೋಫಿಯಾ ದಾಟಿದ ಮೇಲೆಯೇ ಗಿಡ ನೆಲಕ್ಕಿಳಿಯಿತು.

ಗಿಡ ಬೆಳೆಯಿತು, ಆದರೆ ಬಡಕಲು. ಬೇರೆ ಡೇರೆಗಳು ಎದೆಯೆತ್ತರಕ್ಕೆ ಬಂದು ಆಗಸ್ಟಿನಲ್ಲೇ ಹೂ ಸುರಿಯುವಾಗ, ಇದು ಮೊಣಕಾಲ ಹತ್ತಿರ ನಿಂತು ಒಂದೇ ಮೊಗ್ಗು ಬಿಟ್ಟಿತು. ಮದುವೆಯ ವಾರ ಬಂದರೂ ಮೊಗ್ಗು ಮುಷ್ಟಿ ಬಿಗಿದೇ ಇತ್ತು. ಯಾರೂ ಹೇಳದೆಯೇ ಜೆನೋನ್ ಪ್ರತಿ ಸಂಜೆ ಗಿಡದ ಬುಡದಲ್ಲಿ ಕೂತು ಬಸವನಹುಳ ಆರಿಸುತ್ತಿದ್ದ. ಪಾಪ ತೊಳೆದುಕೊಳ್ಳಬೇಕಲ್ಲ.

ಮದುವೆಯ ಬೆಳಿಗ್ಗೆ ಒತಿಲಿಯಾ ಬೂದು ಬಣ್ಣದ ರೇಷ್ಮೆ ಉಡುಪು ತೊಟ್ಟು, ಕಾಲಿಗೆ ರಬ್ಬರ್ ಬೂಟು ಹಾಕಿಕೊಂಡು, ಕತ್ತರಿ ಹಿಡಿದು ಹಿತ್ತಲಿಗೆ ಬಂದಳು. ಹೂ ಅರಳಿತ್ತು. ತಟ್ಟೆಯಗಲ. ಮಾಗಿದ ಚೆರಿ ಹಣ್ಣಿನ ಬಣ್ಣ, ನಡುವೆ ಕಪ್ಪೇ ಕಪ್ಪು. ಮೆಲಾನಿಯಾ ಆಗಲೇ ಗಿಡದ ಪಕ್ಕ ನಿಂತಿದ್ದಳು.

"ಕತ್ತರಿಸ್ಲಾ?" ಅಂದಳು ಒತಿಲಿಯಾ.

"ಹೂವಿಗೆ ಉದ್ದ ಕಾಂಡ ಬಿಟ್ಟು ಕತ್ತರಿಸು. ಗಿಡ ತಾಳ್ಕೊಳತ್ತೆ."

ಇಗರ್ಜಿಯಲ್ಲಿ ಸಾಕ್ಷಿಯಾಗಿ ಮೆಲಾನಿಯಾ ವಧುವಿನ ಪಕ್ಕ ನಿಂತಳು. ಪಾದ್ರಿಗಳು ಇನ್ನೇನು ಪ್ರಶ್ನೆ ಕೇಳಬೇಕು, ಹೂವಿನ ದಳಗಳ ನಡುವಿನಿಂದ ಇಕ್ಕಳದಂಥ ಬಾಲದ ಕಂದು ಹುಳವೊಂದು ಮೈಮುರಿದು ಹೊರಬಂತು. ಡೇರೆ ಇದ್ದಲ್ಲಿ ಅದು ಇದ್ದದ್ದೇ. ಒತಿಲಿಯಾಳ ಮುಂಗೈ ದಾಟಿ ನೆಟ್ಟಗೆ ರೋಖನ ಅಂಗಿಯ ತೋಳಿನೊಳಗೆ ನುಗ್ಗಿತು. ಆಯುಷ್ಯವಿಡೀ ಚಾವಣಿಗಳ ತುದಿಯಲ್ಲಿ ನಡೆದ ಮನುಷ್ಯ ಕಿಟಾರನೆ ಕಿರುಚಿದ.

"ಹಿಡ್ಕೋ ಇದನ್ನ," ಅಂತ ಒತಿಲಿಯಾ ಹೂವನ್ನು ಮೆಲಾನಿಯಾಳ ಕೈಗೆ ತುರುಕಿ, ವರನ ತೋಳು ಮಡಚಿ, ಹುಳವನ್ನು ಎರಡು ಬೆರಳಲ್ಲಿ ಎತ್ತಿ ನೆಲಕ್ಕೆ ಬಿಟ್ಟಳು. "ಒಪ್ಪಿದೀನಿ ಫಾದರ್, ಇವನೂ ಒಪ್ಪಿದಾನೆ. ಮುಂದೆ ನಡೆಸಿ."

ಮೆಲಾನಿಯಾ ಹೂವನ್ನು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದು ನಿಂತಳು. ಉಂಗುರ ಬದಲಾಯಿಸಿಕೊಂಡದ್ದಾಯಿತು. ಒತಿಲಿಯಾ ಉಂಗುರ ತೊಟ್ಟ ಕೈಯನ್ನು ಹಿಂದಕ್ಕೆ ಚಾಚಿದಳು.

"ಕೊಡೇ ಇಲ್ಲಿ ಕೂಮಾ. ಕಾದದ್ದು ಸಾಕು."