ರಿಕ್ಷಾದವರು ಸಾಕಿ ಕೊಟ್ಟ ನಾಯಿ

ಆಲಂಕಾರು ಎಂಬ ಊರಿನ ರಿಕ್ಷಾ ಚಾಲಕರೊಬ್ಬರು ದಾರಿಯಲ್ಲಿ ಪೆಟ್ಟು ತಿಂದು ಬಿದ್ದ ನಾಯಿಗಳನ್ನು ಮನೆಗೆ ಒಯ್ದು, ಗುಣವಾದ ಮೇಲೆ ಸಾಕುವವರನ್ನು ಹುಡುಕಿ ಕೊಡುತ್ತಿದ್ದರು. ನಾಯಿಯೊಂದನ್ನು ಕೇಳಲು ನಾನು ಹೋದ ದಿನ ಕರುವಿನಷ್ಟು ದೊಡ್ಡ ಕಂದು ನಾಯಿಯೊಂದು ಅವರ ಹೆಗಲಿಗೆ ಎರಡೂ ಮುಂಗಾಲು ಹಾಕಿ ನಿಂತು ಮುಖವೆಲ್ಲ ನೆಕ್ಕುತ್ತಿತ್ತು.

“ನನ್ನದಲ್ಲ ಮಾರಾಯ್ರೆ, ಇಟ್ಟುಕೊಂಡದ್ದು ಮಾತ್ರ,” ಎಂದರು, ಅದನ್ನು ಕೆಳಗಿಳಿಸದೆ. ಯಾವ ನಾಯಿಯ ಬಗ್ಗೆ ಕೇಳಿದರೂ ಅವರದ್ದು ಅದೇ ಮಾತು.

ವಾಹನದ ಹೆದರಿಕೆ ಹೋಗಲೆಂದು ತಿಂಗಳುಗಟ್ಟಲೆ ಅದಕ್ಕೆ ರಿಕ್ಷಾದ ಹಿಂದಿನ ಸೀಟಿನಲ್ಲೇ ಅನ್ನ ಹಾಕಿದ್ದರಂತೆ. ನಮ್ಮಲ್ಲಿಗೆ ಬರುವ ದಿನವೂ ಊಟವೆಂದುಕೊಂಡು ತಾನೇ ಹಾರಿ ಹತ್ತಿತು. ಅವರು ಬಿಟ್ಟು ಹೊರಟಾಗ ಮಾತ್ರ ಗೇಟು ಹಾರಿ ರಿಕ್ಷಾದ ಹಿಂದೆ ಓಡಿತು. ನಾನು ಹೋಗಿ ಎಳೆದು ತರಬೇಕಾಯಿತು.

ಮುಂದೊಮ್ಮೆ ಅವರ ರಿಕ್ಷಾದಲ್ಲೇ ಪೇಟೆಯಿಂದ ಬರುತ್ತಿದ್ದೆ. ನಮ್ಮ ಮನೆಯ ಮೇಲಿನ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿದರು. ಗಾಡಿ ಸದ್ದಿಲ್ಲದೆ ಉರುಳತೊಡಗಿತು.

“ಎಂತ, ಪೆಟ್ರೋಲ್ ಮುಗಿಯಿತಾ?”

“ಅಲ್ಲ. ಸದ್ದು ಕೇಳಿದರೆ ಅದು ಓಡಿ ಬರ್ತದೆ. ಮತ್ತೆ ನನಗೆ ಹೋಗ್ಲಿಕ್ಕೆ ಆಗುದಿಲ್ಲ.”

ಗೇಟು ದಾಟಿದ ಮೇಲೆಯೇ ನನ್ನನ್ನು ಇಳಿಸಿದರು. ದಿನವೂ ಹಾಗೆಯೇ ಹೋಗುತ್ತಿದ್ದರಂತೆ. ನಮಗೆ ಗೊತ್ತೇ ಇರಲಿಲ್ಲ.

ಹೋದ ವರ್ಷ ಎದೆನೋವು ಬಂದು ಅವರು ತೀರಿಕೊಂಡರು. ರಿಕ್ಷಾ ಈಗ ಬೇರೆಯವರದ್ದು. ಹೊಸ ಚಾಲಕರಿಗೆ ಇದೆಲ್ಲ ಏನು ಗೊತ್ತು? ಎಂಜಿನ್ ಸದ್ದು ಮಾಡಿಕೊಂಡೇ ಇಳಿಜಾರು ಇಳಿಯುತ್ತಾರೆ. ಬಂದ್ ಮಾಡಿ ಎಂದು ಹೇಳಲು ನನಗೂ ಬಾಯಿ ಬಂದಿಲ್ಲ.

ನಾಯಿ ಅಂಗಳದಿಂದ ಎದ್ದು, ಬಾಲ ಬೀಸುತ್ತಾ ಗೇಟಿಗೆ ಓಡುತ್ತದೆ. ಚಾಲಕನ ಸೀಟನ್ನು ಒಮ್ಮೆ ನೋಡಿ, ಅಲ್ಲೇ ಕೂತುಬಿಡುತ್ತದೆ.