ಬಾಗಿಲು ಮುಚ್ಚಿಕೊಂಡ ಚಂಪಾ

ನಾನು ಒಂದು ಗಾಜಿನ ಪೆಟ್ಟಿಗೆ ತುಂಬ ತೆಂಗಿನ ನಾರಿನ ಪುಡಿ ಸಾಕುತ್ತಿದ್ದೇನೆ ಎಂದರೆ ಯಾರೂ ತಕರಾರು ಮಾಡುವಂತಿಲ್ಲ. ಅದರೊಳಗೆ ಅಂಗೈಯಗಲದ ಟರಾಂಟುಲಾ ಜೇಡವೊಂದಿದೆ ಎಂಬುದು ಬರೀ ನಂಬಿಕೆಯ ಮಾತು. ಬಿಲ ತೋಡುವ ಜಾತಿ ಅದು, ಮನುಷ್ಯರ ಮುಖ ಕಂಡರಾಗದು. ನಾಯಿ ಸಾಕಿದವರಿಗೆ ಬಾಲ ನೋಡುವ ಭಾಗ್ಯವಿದೆ. ನಾನು ತೂತು ನೋಡುತ್ತೇನೆ.

ಜೇಡ ನನ್ನ ಮಗಳು ನಿಧಿಯದು. ಎಣ್ಣೆಯ ಬೆಲೆ ಕುಸಿದ ಮೇಲೆ ಗಲ್ಫಿನಲ್ಲಿ, ಅಲ್ ಹೈಲ್‌ನ ನಮ್ಮ ಬೀದಿಯಲ್ಲಿ ಒಂದೊಂದೇ ಮನೆ ಖಾಲಿಯಾಗತೊಡಗಿತು. ಹೊರಟವರು ಸೋಫಾ, ಫ್ರಿಜ್ಜು ಮಾರಿ, ಯಾರೂ ಕೊಳ್ಳದ್ದನ್ನು ಪುಕ್ಕಟೆ ಹಂಚುತ್ತಿದ್ದರು. ಚಂಪಾ ನಮ್ಮ ಮನೆಗೆ ಬಂದದ್ದು ಹಾಗೆ. ಹೆಸರಿಟ್ಟವಳು ನಿಧಿ. ಆಮೇಲೆ ನನ್ನ ಕಂಪನಿಯೂ ಕುಟುಂಬದ ಭತ್ಯೆ ನಿಲ್ಲಿಸಿತು. ಹೆಂಡತಿ, ಮಗಳು ಮೈಸೂರಿಗೆ ಹೋದರು. ಏರ್‌ಪೋರ್ಟಿನಲ್ಲಿ ನಿಧಿ ನನ್ನನ್ನು ತಬ್ಬಿಕೊಂಡು ಹೇಳಿದ್ದು ಒಂದೇ: "ಏನೇ ಆದ್ರೂ ಮಣ್ಣು ಅಗೀಬೇಡ ಅಪ್ಪ. ಪ್ರಾಮಿಸ್?"

ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆತನದವನು ನಾನು. ಈಗ ಹತ್ತಿರದ ಊರು ಬರ್ಕಾದ ಅಂಗಡಿಯಿಂದ ಜೀವಂತ ಮಿಡತೆ ತರುತ್ತೇನೆ. ಇಕ್ಕಳದಲ್ಲಿ ಹಿಡಿದು ಬಿಲದ ಬಾಯಿಗೆ ಬಿಡುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ, ಪಾಪ ಅರ್ಧ ಕಡಿಮೆಯಾದೀತೆಂದು. ಬೇಸಿಗೆಯಲ್ಲಿ ಚಂಪಾಳ ಕೋಣೆಗೆ ಹಗಲಿಡೀ ಏಸಿ. ಪಕ್ಕದ ಮನೆಯ ಉಡುಪಿಯ ಲ್ಯಾನ್ಸಿ ಒಮ್ಮೆ ಬಂದು ನೋಡಿ, "ಎಂತ ಸಾರ್, ನಮ್ಮ ಆಫೀಸಲ್ಲಿ ಮಧ್ಯಾಹ್ನವೇ ಏಸಿ ಖಲಾಸ್. ಈ ಹುಳಕ್ಕೆ ಎಂಥ ಯೋಗ ಮಾರಾಯ್ರೆ!" ಎಂದ.

ಗಲ್ಫಿನ ಫೋನಿಗೊಂದು ಅಲಿಖಿತ ನಿಯಮವಿದೆ. ಎರಡೂ ಕಡೆ ಎಲ್ಲವೂ ಚೆನ್ನಾಗಿಯೇ ಇರಬೇಕು. ಇಲ್ಲಿ ಜ್ವರ ಬಂದವನೂ ಅಲ್ಲಿಗೆ ಆರೋಗ್ಯವಂತ. ಶುಕ್ರವಾರ ನಾನು "ಸ್ಕೂಲು ಹೇಗಿದೆ?" ಎನ್ನುತ್ತೇನೆ. ನಿಧಿ "ಫೈನ್" ಎನ್ನುತ್ತಾಳೆ. "ಫ್ರೆಂಡ್ಸು?" "ಫೈನ್." ಆಮೇಲೆ ಅವಳೇ, "ಚಂಪಾ ಹೊರಗೆ ಬಂದ್ಲಾ?" ಎಂದು ಕೇಳಿದಾಗ ಮಾತ್ರ ದನಿಗೆ ಜೀವ ಬರುತ್ತದೆ. ಆ ಎರಡು ನಿಮಿಷಕ್ಕಾಗಿ ನಾನು ವಾರವಿಡೀ ಕಾಯುತ್ತೇನೆ. ಚಂಪಾ ಸತ್ತರೆ ಮಗಳು ನನ್ನೊಡನೆ ಮಾತಾಡಲು ಏನೂ ಉಳಿಯುವುದಿಲ್ಲ ಎಂಬ ಭಯ ನನ್ನದು.

ಎರಡು ತಿಂಗಳ ಹಿಂದೆ ಚಂಪಾ ಬಿಲದ ಬಾಯಿಗೆ ಮಣ್ಣು, ನೂಲು ಸೇರಿಸಿ ಬಾಗಿಲು ಜಡಿದುಕೊಂಡಳು. ಅವತ್ತೇ ಅದರ ಫೋಟೋ ನಿಧಿಗೆ ಕಳಿಸಿ, ಕಳಿಸಿದ್ದನ್ನು ಮರೆತೆ. ಸಂಸ್ಕೃತದವರು ಜೇಡವನ್ನು ಊರ್ಣನಾಭ ಎಂದರು, ಹೊಕ್ಕುಳಲ್ಲಿ ಉಣ್ಣೆ ಇಟ್ಟುಕೊಂಡದ್ದು ಎಂದು. ಆ ಉಣ್ಣೆಯಿಂದ ನನ್ನ ಮುಖಕ್ಕೇ ಬಾಗಿಲು ಹಾಕಬಹುದೆಂದು ಅವರು ಹೇಳಿರಲಿಲ್ಲ. ಬಿಟ್ಟ ಮಿಡತೆಗಳು ಪೆಟ್ಟಿಗೆಯಲ್ಲಿ ಆರಾಮಾಗಿ ಅಡ್ಡಾಡುತ್ತಿದ್ದವು. ನಾನು ಉಪ್ಪಿಟ್ಟಿನ ಚಮಚ ಹಿಡಿದು ಮೂರು ಸಲ ಪೆಟ್ಟಿಗೆಯ ಮುಂದೆ ಕೂತೆ, ಮೂರು ಸಲವೂ ಎದ್ದೆ. ಅಗೆದರೆ ಮಾತು ತಪ್ಪಿದಂತೆ, ಅಗೆಯದಿದ್ದರೆ ಸಂಕಟ.

ಹೋದ ಶುಕ್ರವಾರ ನಿಧಿ ಕೇಳಿದಳು. ನಾನು ನಿಯಮದಂತೆ ನಡೆದುಕೊಂಡೆ. "ನಿನ್ನೆ ಬಂದಿದ್ಲು ಪುಟ್ಟಿ. ಎರಡು ಮಿಡತೆ ತಿಂದ್ಲು."

"ಬಾಗಿಲು ಮುಚ್ಕೊಂಡಿದಾಳೆ ಅಂತ ಫೋಟೋ ಕಳಿಸಿದ್ದೆ ನೀನು."

"ಹೌದು, ಆದ್ರೆ..."

"ಅಪ್ಪ, ಅವಳು ಪೊರೆ ಬಿಡ್ತಿದಾಳೆ. ಆಗ ಏನೂ ತಿನ್ನಲ್ಲ, ಹೊರಗೂ ಬರಲ್ಲ. ಯು ಆರ್ ಲೈಯಿಂಗ್."

ಹನ್ನೊಂದು ವರ್ಷದ ಮಗಳ ಕೈಗೆ ಸಿಕ್ಕಿಬಿದ್ದಿದ್ದೆ. "ಹೌದಮ್ಮ. ಎರಡು ತಿಂಗಳಿಂದ ನಾನು ಅವಳನ್ನ ನೋಡೇ ಇಲ್ಲ. ನೀನು ಬೇಜಾರು ಮಾಡ್ಕೋತೀಯ ಅಂತ ಹೆದರಿಕೆ ಆಯ್ತು," ಎಂದೆ.

ಇನ್ನು ಫೋನು ಅಮ್ಮನ ಕೈಗೆ ಹೋಗುತ್ತದೆ ಎಂದುಕೊಂಡೆ.

"ನಾನೂ ಸುಳ್ಳು ಹೇಳ್ತಿದೀನಿ ಅಪ್ಪ," ಎಂದಳು. "ಈ ಸ್ಕೂಲಲ್ಲಿ ನಂಗೆ ಒಬ್ರೂ ಫ್ರೆಂಡ್ಸ್ ಇಲ್ಲ."

ಆ ದಿನ ಫೋನ್ ಕಾರ್ಡಿನ ದುಡ್ಡು ಮುಗಿದು ಲೈನು ಕಡಿದುಹೋಗುವವರೆಗೂ ಮಾತಾಡಿದೆವು. ಆ ಮಾತಿನಲ್ಲಿ ಚಂಪಾಳ ಸುದ್ದಿ ಮತ್ತೆ ಬರಲೇ ಇಲ್ಲ.