ಮೀನಿನಾಕೆ ಹೇಳಿದ ಸಾಕ್ಷಿ

ನಮ್ಮ ಮನೆಗೆ ಮೀನು ತರುತ್ತಿದ್ದ ಮರವಂತೆಯ ಹೆಂಗಸಿಗೆ ಯಾರದೇ ಕಷ್ಟ ಕಂಡರೂ ನಡುವೆ ಬಾಯಿ ಹಾಕದೆ ಆಗುತ್ತಿರಲಿಲ್ಲ. "ಸುಮ್ನಿಪ್ಪುಕ್ ಆತ್ತಾ ಅಕ್ಕಾ?" ಎನ್ನುತ್ತ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಸೋಮವಾರ ನಾನು ಮೀನು ಬೇಡವೆಂದರೆ, "ಮಾತೂ ಬ್ಯಾಡ್ದಾ?" ಎಂದು ಜಗಲಿಯಲ್ಲೇ ಕೂರುತ್ತಿದ್ದಳು.

ಅವಳ ಮಗನ ಮೇಲೆ ಕೊಲೆಯ ಕೇಸು ಬಿತ್ತು. ಕೊಲೆ ನಡೆದ ಮಧ್ಯಾಹ್ನ ತಾನು ದೋಣಿಯ ಹತ್ತಿರ ಬಲೆ ಸರಿಮಾಡುತ್ತಿದ್ದೆ ಎಂದು ಅವನು ಹೇಳಿದ್ದ. ಇವಳು ಅವನನ್ನು ಉಳಿಸುವ ಆಸೆಯಿಂದ ಕೋರ್ಟಿನಲ್ಲಿ, "ಮನಿಯಗೇ ಇದ್ದ, ನಾನೇ ಊಟ ಬಡ್ಸಿದ್ದ್" ಎಂದುಬಿಟ್ಟಳು. ಎರಡೂ ಹೇಗೆ ನಿಜವಾದೀತು? ಜೀವಾವಧಿ ಶಿಕ್ಷೆಯಾಯಿತು. ಮೇಲ್ಮನವಿ ಹಾಕಿದಾಗ ನಾನೂ ದೇವರಿಗೆ ತುಪ್ಪದ ದೀಪದ ಹರಕೆ ಹೇಳಿಕೊಂಡಿದ್ದೆ. ತಾಯಿಯ ಮಾತಿಗೂ ಮಗನ ಮಾತಿಗೂ ತಾಳೆಯಿಲ್ಲವೆಂದು ಹೈಕೋರ್ಟು ಅದೇ ಶಿಕ್ಷೆಯನ್ನು ಉಳಿಸಿತು.

ಜೈಲಿನಲ್ಲಿ ಮಗನನ್ನು ಕಂಡು ಬಂದ ಮರುದಿನ ಆಕೆ ಬುಟ್ಟಿಯಿಲ್ಲದೆ ಬಂದಳು.

"ಅಂವ ಎಂತ ಹೇಳ್ದ?" ಎಂದು ಕೇಳಿದೆ.

"ಎಂತದೂ ಇಲ್ಲೆ. 'ಅಬ್ಬೀ, ಬಸ್ಸಿಗ್ ಹೊತ್ತಾಯ್ತ್, ನೀ ಹೋಗ್' ಅಂದ."

"ನಿಮ್ಗೆ ಒಂದ್ ಮಾತೂ ಬೈಲಿಲ್ಲೆ ಅಲ್ದಾ? ದೇವ್ರ್ ಅಷ್ಟಾರೂ ಕೊಟ್ಟ" ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು.

"ಬೈದಿದ್ರೆ ತಡ್ಕಂತಿದ್ದೆ ಅಕ್ಕಾ."